ಭಾರ ಎಲ್ಲಿ ಎಂದು ನಾನು ಕೇಳಲಿಲ್ಲ

ಈ ಸಲ ತರಬೇತಿ ಮುಗಿಸಿದ ಇಬ್ಬರು ಹುಡುಗಿಯರು ಗಾಜಿಪುರ ಬಡಾವಣೆಯ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಇಬ್ಬರೂ ನಮ್ಮ ಕ್ರೈಸ್ತ ಸಭೆಯ ಸೇವಕಿಯರಾಗಿ ಹಳ್ಳಿಗಳಿಗೆ ಹೋಗಲಿರುವವರು. "ಆಂಟಿ, ನಿಮ್ಮ ಅನುಭವ ಜರಾ ಬರದು ಕೊಡ್ರಿ, ನಮಗ ಧೈರ್ಯ ಬರ್ತದ" ಅಂದರು. ಚಹಾ ಕುಡಿಸಿ ಕಳಿಸಿದೆ. ಧೈರ್ಯ ಬರುವಂಥದ್ದು ನನ್ನ ಹತ್ತಿರ ಹೆಚ್ಚೇನಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿದವರು ನನ್ನ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಅರ್ಧ ಸುಳ್ಳು, ಉಳಿದರ್ಧ ಯಾರ ಬಗ್ಗೆ ಬೇಕಾದರೂ ಹೇಳಬಹುದಾದದ್ದು. ನಾನು ಬರೆಯುವುದು ನನ್ನದೊಂದು ತಪ್ಪಿನ ಬಗ್ಗೆ. ಓದಿದ ಮೇಲೂ ಈ ಕೆಲಸಕ್ಕೆ ಹೋಗುವ ಮನಸ್ಸಿದ್ದರೆ ಹೋಗಿ.

ಸೇವಕಿಯ ಕೆಲಸ ಏನೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಪಾದ್ರಿಗಳು ಭಾನುವಾರ ಪೀಠದ ಮೇಲೆ ನಿಂತು ಹೇಳುವುದನ್ನು ನಾವು ವಾರದ ಉಳಿದ ದಿನ ಅಡುಗೆಮನೆಗಳಲ್ಲಿ ಕೂತು ಹೇಳಬೇಕು. ಹಾಡು ಕಲಿಸಬೇಕು, ಅಕ್ಷರ ಕಲಿಸಬೇಕು, ಬಾಣಂತಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕು, ಅತ್ತೆ ಸೊಸೆಯರ ಜಗಳ ಬಿಡಿಸಬೇಕು. ಗಂಡಸರು ಕಾಲಿಡಲಾಗದ ಕಡೆ ನಾವು ಕಾಲಿಡಬಹುದು. ಅದಕ್ಕೇ ನಮ್ಮನ್ನು ಇಟ್ಟುಕೊಂಡಿದ್ದು. ಪೀಠ ಹತ್ತುವ ಹಕ್ಕು ನಮಗಿರಲಿಲ್ಲ. ಪೀಠದ ಬಟ್ಟೆ ಒಗೆಯುವ ಹಕ್ಕು ಇತ್ತು.

ನಾನು ಕರೆ ಬಂದು ಈ ಕೆಲಸಕ್ಕೆ ಸೇರಿದವಳಲ್ಲ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ಕಾಮಾಲೆಯಿಂದ ತೀರಿಕೊಂಡ. ಮಣ್ಣು ಮಾಡಿ ಬಂದ ದಿನ ಆಗಿನ ಪಾದ್ರಿಗಳು ನನ್ನೆದುರು ನಿಂತು, "ಶಾಂತಾಬಾಯಿ, ಇದು ನಿನ್ನ ಶಿಲುಬಿ. ಹೊತ್ತುಕೊಂಡು ನಡಿ, ಆಶೀರ್ವಾದ ಸಿಗ್ತದ" ಅಂದರು. ನನ್ನ ಅಳು ಗಕ್ಕನೆ ನಿಂತಿತು. ಸಭೆಯವರೆಲ್ಲ ಎಂಥಾ ನಂಬಿಕೆ ಎಂದು ಮೆಚ್ಚಿಕೊಂಡರು. ನನಗೆ ಸಮಾಧಾನವೇನೂ ಆಗಿರಲಿಲ್ಲ. ಆ ಮಾತಿನ ಮುಂದೆ ಅಳುವುದು ಅಪರಾಧ ಅನಿಸಿತ್ತು, ಅಷ್ಟೆ. ಆಮೇಲೆ ಕರುಣೆಯಿಂದ ನನ್ನನ್ನು ತರಬೇತಿಗೆ ಕಳಿಸಿದರು.

ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹಿರಿಯ ಬಾಯಿಯವರು ಬಿಳಿ ಸೀರೆ, ದಪ್ಪ ಕನ್ನಡಕದವರು. ಶಿಲುಬೆಯ ಅರ್ಥವನ್ನು ಬೆರಳು ಮಡಚಿ ಹೇಳುತ್ತಿದ್ದರು. ಕರ್ತ ನಮ್ಮ ಪಾಪಕ್ಕಾಗಿ ಸತ್ತ, ಅದರಿಂದ ನಮಗೆ ಕ್ಷಮೆ. ದೇವರಿಗೂ ನಮಗೂ ನಡುವಿದ್ದ ಗೋಡೆ ಬಿತ್ತು, ಅದರಿಂದ ಸಮಾಧಾನ. ಮರಣ ಸೋತಿತು, ಅದರಿಂದ ನಿರೀಕ್ಷೆ. ಇವಿಷ್ಟೂ ನಂಬಿದವರಿಗೆ ಪುಕ್ಕಟೆಯಾಗಿ ಸಿಕ್ಕ ಆಶೀರ್ವಾದ. ಅಲ್ಲಿಯವರೆಗೆ ಸರಿಯೇ ಇತ್ತು, ಇವತ್ತೂ ನಾನು ಅದನ್ನು ನಂಬುತ್ತೇನೆ. ಆಮೇಲೆ ಅವರು ದನಿ ತಗ್ಗಿಸಿ ಹೇಳುತ್ತಿದ್ದರು: "ನಮಗೂ ಒಂದೊಂದು ಶಿಲುಬಿ ಕೊಟ್ಟಾನ. ಮನಿ ಭೇಟಿಗಿ ಹೋದಾಗ ಯಾರರ ಏನರ ಕೇಳಿ, ನಿಮಗ ಉತ್ತರ ತಿಳೀಲಿಲ್ಲಂದ್ರ, ಗ್ವಾಡಿ ಮ್ಯಾಲಿನ ಶಿಲುಬಿ ಕಡೆ ಕೈ ತೋರಸ್ರಿ. ಸುಮ್ಮ ಆಗ್ತಾರ." ನಾವೆಲ್ಲ ಅದನ್ನು ಅಚ್ಚುಕಟ್ಟಾಗಿ ಬರೆದುಕೊಂಡೆವು. ಆ ಯುಕ್ತಿ ಎಂದೂ ಕೈಕೊಡಲಿಲ್ಲ. ಜನ ನಿಜಕ್ಕೂ ಸುಮ್ಮನಾಗುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಕಮಲಾಪುರ ಕೊಟ್ಟರು. ಆಗ ನಮ್ಮ ಊರನ್ನು ಎಲ್ಲರೂ ಗುಲ್ಬರ್ಗಾ ಅಂತಲೇ ಅನ್ನುತ್ತಿದ್ದರು. ಪ್ರತಿ ಗುರುವಾರ ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಹೋಗುವುದು, ಸಂಜೆಯೊಳಗೆ ತಿರುಗಿ ಬರುವುದು. ಚೀಲದಲ್ಲಿ ಹಾಡಿನ ಪುಸ್ತಕ, ಕರಪತ್ರ, ಜೊತೆಗೆ ಸುರುಳಿ ಸುತ್ತಿದ ನೀಲಿ ಫ್ಲಾನೆಲ್ ಬಟ್ಟೆ. ಫ್ಲಾನೆಲ್ ಆ ಕಾಲದ ಹೊಸ ಪದ್ಧತಿ. ಬಟ್ಟೆಯನ್ನು ಗೋಡೆಗೆ ತೂಗುಹಾಕಿ, ಬೆನ್ನಿಗೆ ಒರಟು ಬಟ್ಟೆ ಅಂಟಿಸಿದ ಕಾಗದದ ಚಿತ್ರಗಳನ್ನು ಒತ್ತಿದರೆ ಅವು ಅಲ್ಲೇ ಕಚ್ಚಿಕೊಂಡು ನಿಲ್ಲುತ್ತಿದ್ದವು. ಗುಡ್ಡ, ಸಿಪಾಯಿಗಳು, ಅಳುವ ಹೆಂಗಸರು, ಕೊನೆಗೆ ಶಿಲುಬೆ. ಕಥೆ ಕೇಳುವುದಕ್ಕಿಂತ ಚಿತ್ರ ನಿಲ್ಲುವುದನ್ನು ನೋಡಲು ಹೆಚ್ಚು ಮಂದಿ ಬರುತ್ತಿದ್ದರು.

ಒಂದು ಗುರುವಾರ ನಮ್ಮ ಸಭೆಯವರ ಓಣಿಯ ಅಂಗಳದಲ್ಲಿ ಫ್ಲಾನೆಲ್ ಹಾಕಿ ಶಿಲುಬೆಯ ಆಶೀರ್ವಾದಗಳನ್ನು ಹೇಳುತ್ತಿದ್ದೆ. ಪಕ್ಕದ ಹೊಲಕ್ಕೆ ಹೊರಟಿದ್ದ ಸಂಗವ್ವ ಎಂಬ ಲಿಂಗಾಯತರ ಮುದುಕಿ, ಹಣೆ ತುಂಬ ವಿಭೂತಿ, ಗೋಡೆಗೆ ಒರಗಿ ನಿಂತು ಪೂರ್ತಿ ಕೇಳಿದಳು. "ಬಾಯಿ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಸತ್ತಾಂವ ಅಂವ, ಚಲೋ ಆಗಿದ್ದು ನಿಮಗ. ಹೌದಿಲ್ಲೋ? ಮತ್ತ ಈ ಹೆಣ್ಮಕ್ಕಳ ಮಾರಿ ಯಾಕ ಹಿಂಗ ಬಾಡ್ಯಾವ?" ಕಲಿತ ಪ್ರಕಾರ ಫ್ಲಾನೆಲ್ ಕಡೆ ಕೈ ತೋರಿಸಿದೆ. ಅಷ್ಟರಲ್ಲಿ ಗಾಳಿ ಬೀಸಿ ಶಿಲುಬೆ ನೆಲಕ್ಕೆ ಬಿದ್ದಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಸಂಗವ್ವ ಎಲ್ಲರಿಗಿಂತ ಹೆಚ್ಚು ನಕ್ಕಳು. ನನಗೆ ಸಿಟ್ಟು ಬಂತು. ಮುದುಕಿಯ ಪ್ರಶ್ನೆ ಎಷ್ಟು ಸರಿಯಾಗಿತ್ತೆಂದು ಆಗ ನನ್ನ ತಲೆಗೆ ಹೋಗಲಿಲ್ಲ.

ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಶಿಲುಬೆ "ಶಿಲಬಿ" ಆಗಿತ್ತು, ಅದರ ಅರ್ಥವೂ ಅಷ್ಟೇ ಸವೆದಿತ್ತು. ಕುಡಿಯುವ ಗಂಡ ಶಿಲಬಿ, ಸೋರುವ ಮಾಳಿಗೆ ಶಿಲಬಿ, ಸೊಂಟನೋವು ಶಿಲಬಿ. ಒಬ್ಬಾಕೆ ತನ್ನ ಅತ್ತೆಯ ಪರಿಚಯ ಮಾಡಿಕೊಟ್ಟಿದ್ದೇ "ಇಕಿ ನಮ್ಮ ಶಿಲಬಿ ನೋಡ್ರಿ" ಎಂದು. ನಾನೂ ನಕ್ಕೆ. ಅವರಿಗೆ ಅದನ್ನು ಕಲಿಸಿದವರು ನಾವೇ.

ಮಾರ್ಥಮ್ಮ ಆ ಓಣಿಯವಳು. ಆಗ ಇಪ್ಪತ್ತೈದು ದಾಟಿರಲಿಲ್ಲ, ಮೂರು ಮಕ್ಕಳ ತಾಯಿ. ಕಮಲಾಪುರದ ಕೆಂಬಾಳೆ ತೋಟಗಳಲ್ಲಿ ಗೊನೆ ಹೊರುವ ಕೆಲಸ. ತೋಟದಿಂದ ಲಾರಿ ನಿಲ್ಲುವ ರಸ್ತೆಯವರೆಗೆ ತಲೆಯ ಮೇಲೆ ಗೊನೆ ಹೊತ್ತು ಇಡೀ ದಿನ ಓಡಾಡಬೇಕು. ಮೂರನೆಯ ಹೆರಿಗೆಯಾಗಿ ಹದಿನೈದು ದಿನ ತುಂಬುವ ಮೊದಲೇ ಆಕೆ ಗೊನೆ ಹೊತ್ತಿದ್ದಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಗಟ್ಟಿಗಿತ್ತಿ ಎಂದು ಹೊಗಳಲು ಮಾತ್ರ ಬಳಸಿಕೊಂಡಿದ್ದೆ.

ಒಂದು ಗುರುವಾರ ಓಣಿಯ ಒಂದು ಮನೆಯಲ್ಲಿ ಹಾಡು ಮುಗಿದು ಎಲ್ಲರೂ ಎದ್ದ ಮೇಲೆ ಆಕೆ ನೀರಿನ ಹಂಡೆಯ ಹತ್ತಿರ ನನ್ನನ್ನು ತಡೆದಳು. ನಾನು ಫ್ಲಾನೆಲ್ ಸುತ್ತುತ್ತಿದ್ದೆ. ಬಸ್ಸಿನ ಹೊತ್ತಾಗಿತ್ತು.

"ಬಾಯಾರ, ನನಗ ಭಾರ ಆಗ್ಯದರಿ. ಹೊರಾಕ ಆಗವಲ್ದು."

"ಯಾರಿಗಿಲ್ಲ ಭಾರ, ಮಾರ್ಥಾ?"

"ಹಂಗಲ್ರಿ. ಮೂರನೇದು ಹುಟ್ಟಿದಾಗಿಂದ ಭಾಳ ಆಗ್ಯದ. ನಿಂತ್ರ ಸೈತ ಜಗ್ತದ. ಯಾರ ಮುಂದ ಹೇಳಲಿ? ಅತ್ತಿ ಮುಂದ ಹೇಳಂಗಿಲ್ಲ, ಗಂಡನ ಮುಂದ ಹೇಳಂಗಿಲ್ಲ."

ಮೂರನೆಯದು ಹೆಣ್ಣು. ಮನೆಯಲ್ಲಿ ಎಲ್ಲರೂ ಮುಖ ಊದಿಸಿಕೊಂಡಿದ್ದಾರೆಂದು ಕೇಳಿದ್ದೆ. ಅದೇ ಇವಳ ಭಾರ ಎಂದುಕೊಂಡೆ. ನಮ್ಮ ಕಿವಿಗೆ ಭಾರ ಎಂಬ ಮಾತು ಬಿದ್ದರೆ ಅದು ಮನಸ್ಸಿನ ಭಾರ, ಪಾಪದ ಭಾರ. ಹಾಡುಗಳಲ್ಲೆಲ್ಲ ಅದೇ ಇರುತ್ತದೆ. ಸಭೆಯ ಕೆಲಸದವಳಲ್ಲದೆ ಬೇರೆ ಯಾವ ಹೆಂಗಸಾದರೂ ಆ ಮಾತನ್ನು ಬರೋಬ್ಬರಿ ಕೇಳಿಸಿಕೊಳ್ಳುತ್ತಿದ್ದಳು. ಜಗ್ತದ ಅಂದಿದ್ದಳಲ್ಲ! ಮನಸ್ಸು ಎಲ್ಲಾದರೂ ಕೆಳಗೆ ಜಗ್ಗುತ್ತದೆಯೇ?

"ಇದು ಕರ್ತ ನಿನಗ ಕೊಟ್ಟ ಶಿಲುಬಿ, ತಂಗಿ" ಅಂದೆ. "ಮಂದಿ ಮುಂದ ಆಡಬ್ಯಾಡ. ಹೊರು. ಹೊತ್ತವರಿಗೇ ಆಶೀರ್ವಾದ."

ಆಕೆ ನನ್ನ ಮುಖ ನೋಡಿದಳು. ಇನ್ನೂ ಏನೋ ಹೇಳುವುದಿತ್ತು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು "ಹೌದೇನ್ರಿ?" ಅಂದಳು. ನಾನು "ಹೂಂ" ಅಂದೆ, ಗೋಡೆಯ ಮೇಲಿದ್ದ ಮರದ ಶಿಲುಬೆಯ ಕಡೆ ಕೈ ತೋರಿಸಿದೆ, ನಿಂತಲ್ಲೇ ಒಂದು ಸಣ್ಣ ಪ್ರಾರ್ಥನೆ ಮಾಡಿ ಬಸ್ಸಿಗೆ ಓಡಿದೆ. ಆ ತಿಂಗಳ ವರದಿಯಲ್ಲಿ "ಭಾರದಿಂದ ಬಳಲಿದ ಸಹೋದರಿಯೊಬ್ಬಳಿಗೆ ಶಿಲುಬೆಯ ಅರ್ಥ ತಿಳಿಸಿ ಸಂತೈಸಲಾಯಿತು" ಎಂದು ಬರೆದೆ. ಜೀಪಿನಲ್ಲಿ ಬಂದ ನಮ್ಮ ಮೇಲ್ವಿಚಾರಕರು ಅದನ್ನು ಓದಿ, "ಹಿಂಗ ಬರೀಬೇಕು ನೋಡ್ರಿ ವರದಿ" ಎಂದು ಉಳಿದ ಸೇವಕಿಯರಿಗೆ ತೋರಿಸಿದರು. ನಾನು ಉಬ್ಬಿಹೋದೆ.

ಇನ್ನೊಂದನ್ನೂ ಹೇಳಲೇಬೇಕು, ನಾಚಿಕೆಯಾದರೂ. ಶುಭ ಶುಕ್ರವಾರದ ದಿನ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಶಿಲುಬೆಯ ಮೇಲೆ ಕರ್ತ ಆಡಿದ ಏಳು ಮಾತುಗಳ ಬಗ್ಗೆ ಏಳು ಜನ ಮಾತಾಡುತ್ತಾರೆ. ಕಮಲಾಪುರದ ಗುಡಿ, ಅಂದರೆ ನಮ್ಮ ಚರ್ಚು, ಸಣ್ಣದು, ಎಲ್ಲರೂ ಜಮಖಾನೆಯ ಮೇಲೆ ಕೂತುಕೊಳ್ಳುವುದು. ಅವತ್ತು ಒಂದು ದಿನ ಮಾತ್ರ ಸೇವಕಿಗೂ ಒಂದು ಮಾತು ಸಿಗುತ್ತಿತ್ತು. ಆ ವರ್ಷ ನನಗೆ ಐದನೆಯ ಮಾತು, "ನನಗೆ ನೀರಡಿಕೆಯಾಗಿದೆ" ಎಂಬುದನ್ನು ಕೊಟ್ಟಿದ್ದರು. ನಾನು ಎದ್ದು ನಿಂತಾಗ ಬಾಗಿಲ ಹತ್ತಿರ ಮಾರ್ಥಮ್ಮ ಕಂಬಕ್ಕೆ ಒರಗಿ ನಿಂತಿದ್ದು ಕಂಡಿತು. ಮೊದಲ ಮಾತಿನಿಂದ ನಿಂತೇ ಇದ್ದಳು. ಆ ಬಿಸಿಲುಗಾಲದ ಸೆಖೆಯಲ್ಲಿ ಎರಡು ತಾಸು! "ನೋಡ್ರಿ ಈ ತಂಗೀನ್ನ. ಶಿಲುಬಿಗೆ ಮರ್ಯಾದಿ ಕೊಟ್ಟು ಕುಂದ್ರದೇ ನಿಂತಾಳ. ನಾವು ಕಾಲು ಚಾಚಿ ಕುಂತೀವಿ" ಅಂದೆ. ಎಲ್ಲರೂ ಹೊರಳಿ ನೋಡಿದರು. ಮಾರ್ಥಮ್ಮ ತಲೆ ತಗ್ಗಿಸಿದಳು, ನಾನು ಅದನ್ನು ವಿನಯ ಎಂದುಕೊಂಡೆ. ಮುಂದಿನ ವರ್ಷ ಇನ್ನೂ ನಾಲ್ಕಾರು ಹೆಂಗಸರು ನಿಂತರು. ಅದೊಂದು ಪದ್ಧತಿಯೇ ಆಯಿತು, ನನ್ನ ಹೆಸರಿನಲ್ಲಿ.

ಆಕೆ ನಿಂತಿದ್ದು ಕೂತುಕೊಳ್ಳಲು ಆಗದ್ದಕ್ಕೆ.

ಅದು ತಿಳಿದದ್ದು ತೊಂಬತ್ತರ ದಶಕ ಶುರುವಾದ ಮೇಲೆ, ಬಸ್ಸಿನಲ್ಲಿ. ಗುಲ್ಬರ್ಗಾದಲ್ಲಿ ಹೆಣ್ಣುಮಕ್ಕಳ ಕೂಟವೆಂದು ಕಮಲಾಪುರದ ಏಳೆಂಟು ಜನರನ್ನು ಕರೆದುಕೊಂಡು ಬರುತ್ತಿದ್ದೆ. ಬಸ್ಸಿನಲ್ಲಿ ಸೀಟು ಖಾಲಿ ಇತ್ತು, ಮಾರ್ಥಮ್ಮ ಮಾತ್ರ ಕಂಬ ಹಿಡಿದು ನಿಂತಿದ್ದಳು. "ಏ ಯವ್ವಾ, ಕುಂದ್ರಬಾರದಾ? ಸೀಟಿಗಿ ಮುಳ್ಳು ಇಟ್ಟಾರೇನು?" ಎಂದು ಕಂಡಕ್ಟರ್ ಚೇಷ್ಟೆ ಮಾಡಿದ. ಅಷ್ಟರಲ್ಲಿ ಎಮ್ಮೆ ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದ. ಆಕೆ ಸೀಟಿನ ಅಂಚಿಗೆ ಕುಸಿದು ಕೂತಳು. ಆಗ ಹೊರಟ ಕೂಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಎಬ್ಬಿಸಿದಾಗ ಸೀರೆಯ ಹಿಂಭಾಗ ರಕ್ತವಾಗಿತ್ತು. "ಬಾಯಾರ, ಯಾರಿಗೂ ಹೇಳಬ್ಯಾಡ್ರಿ" ಎಂದು ನನ್ನ ಕೈ ಹಿಡಿದುಕೊಂಡಳು. ಉಳಿದವರನ್ನು ಕೂಟಕ್ಕೆ ಕಳಿಸಿ, ಆಕೆಯನ್ನು ಆಟೋದಲ್ಲಿ ಒರಗಿಸಿಕೊಂಡು ಜಗತ್ ಸರ್ಕಲ್ ಹತ್ತಿರದ ಒಂದು ಹೆಣ್ಣುಮಕ್ಕಳ ದವಾಖಾನೆಗೆ ಹೋದೆ.

ಅಲ್ಲಿನ ಲೇಡಿ ಡಾಕ್ಟರು ತಲೆಮಾರುಗಳಿಂದ ಇದೇ ಊರಿನವರು, ಮನೆಯಲ್ಲಿ ಮರಾಠಿ, ರೋಗಿಗಳ ಜೊತೆ ಕನ್ನಡ. ಪರದೆಯ ಹಿಂದೆ ನೋಡಿದರು. ಕೈ ತೊಳೆದುಕೊಂಡು ಹೊರಗೆ ಬಂದರು.

"ಗರ್ಭಚೀಲ ಪೂರಾ ಹೊರಗ ಬಂದದ. ತಿಕ್ಕಿ ತಿಕ್ಕಿ ಹುಣ್ಣಾಗ್ಯದ. ಎಷ್ಟು ವರ್ಷಾತು?" ಎಂದು ಮಾರ್ಥಮ್ಮನನ್ನು ಕೇಳಿದರು.

"ಎಂಟು ವರ್ಷರಿ."

"ಅಗಬಾಯೀ! ಎಂಟು ವರ್ಷ ಯಾರಿಗೂ ಹೇಳಲಿಲ್ಲೇನು?"

"ಹೇಳೀನೆಲ್ರಿ. ಇವರಿಗೇ ಹೇಳಿದ್ದೆ, ಬಾಯಾರಿಗಿ. ಇದು ಶಿಲಬಿ, ಮಂದಿ ಮುಂದ ಆಡಬ್ಯಾಡ, ಹೊರು ಅಂದ್ರು. ಹೊತ್ತೀನ್ರಿ."

ದೂರು ಹೇಳುವ ದನಿಯಲ್ಲ ಅದು. ಪಾಠ ಒಪ್ಪಿಸುವ ಮಗುವಿನ ದನಿ, ಶಾಭಾಸ್ ಅನ್ನುತ್ತಾರೇನೋ ಎಂದು ಕಾಯುವ ದನಿ. ನೆಲ ಬಾಯಿ ಬಿಡಬಾರದೇ ಅನಿಸಿತು. ಡಾಕ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಕೊರಳಲ್ಲಿದ್ದ ಸಣ್ಣ ಶಿಲುಬೆಯ ಮೇಲೆ ಕಣ್ಣು ನಿಲ್ಲಿಸಿದರು.

"ಆಗೇ ಬಂದಿದ್ರ ಗರ್ಭಚೀಲ ಜಾರದಂಗ ಒಳಗ ಒಂದು ರಿಂಗ್ ಹಾಕಿ, ನಾಕು ತಿಂಗಳ ಭಾರ ಎತ್ತಬ್ಯಾಡ ಅಂತ ಹೇಳಿ ಕಳಸ್ತಿದ್ದೆ. ಈಗ ಕೊಯ್ದು ತಗೀಬೇಕು. ನೀವು ಕಲಿತವರಿದ್ದೀರಿ. ಹೆಣ್ಮಗಳು ಭಾರ ಆಗ್ಯದ ಅಂದಾಗ ಎಲ್ಲಿ ಅಂತ ಒಂದು ಮಾತು ಕೇಳಾಕ ಏನಾಗಿತ್ರಿ?"

ನನ್ನ ಕಣ್ಣು ರೂಢಿಯಂತೆ ಗೋಡೆಯ ಮೇಲೆ ಶಿಲುಬೆ ಹುಡುಕಿತು. ಆ ದವಾಖಾನೆಯ ಗೋಡೆಯ ಮೇಲೆ ಗಣಪತಿ ಕ್ಯಾಲೆಂಡರ್ ಇತ್ತು.

ಆಪರೇಶನ್ ಆಯಿತು. ಮೂರನೆಯ ದಿನ ಮಾರ್ಥಮ್ಮನಿಗೆ ಗಂಜಿ ಕುಡಿಸುತ್ತಿದ್ದಾಗ ಆಕೆ ಮೆಲ್ಲಗೆ ಕೇಳಿದಳು: "ಬಾಯಾರ, ಶಿಲಬಿ ಇಳಿಸಿಬಿಟ್ರಲ್ಲ. ಕರ್ತಗ ಸಿಟ್ಟು ಬರಂಗಿಲ್ಲೇನು?" ಅದೇ ಹೇಳುವ ಹೊತ್ತಾಗಿತ್ತು. ಅದು ಶಿಲುಬೆಯಲ್ಲ ಮಾರ್ಥಾ, ಅದು ಬರೀ ರೋಗ, ನಾನು ಕಿವುಡಿ, ನನ್ನನ್ನು ಕ್ಷಮಿಸು ಅನ್ನಬೇಕಾಗಿತ್ತು. ನಾನು "ಬರಂಗಿಲ್ಲ, ಸುಮ್ಮ ಮಲಕೋ" ಅಂದೆ. ಹೇಡಿ ನಾನು. ಆಕೆ ನನ್ನ ಮೇಲೆ ಇಟ್ಟಿದ್ದ ಗೌರವ ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಪಾದ್ರಿಗಳಿಗೆ ಮಾತ್ರ ಹೇಳಿದೆ. ತಿಂಗಳಿಗೊಮ್ಮೆ ಒಬ್ಬ ಲೇಡಿ ಡಾಕ್ಟರನ್ನು ಹಳ್ಳಿಗಳಿಗೆ ಕರೆದೊಯ್ಯೋಣ, ಹೀಗೆ ಎಷ್ಟು ಜನ ಇದ್ದಾರೋ ಅಂದೆ. ಅವರು ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. "ಶಾಂತಾಬಾಯಿ, ಇಂಥಾ ಮಾತು ಸಭೆಯಾಗ ಆಡಬಾರದು" ಅಂದರು. ಆ ತಿಂಗಳ ವರದಿಯನ್ನು ಅವರೇ ಬರೆದರು: ಬಹುಕಾಲದ ರೋಗದಿಂದ ನರಳುತ್ತಿದ್ದ ಸಹೋದರಿ ಪ್ರಾರ್ಥನೆಯಿಂದ ಗುಣ ಹೊಂದಿದಳು. ಕೆಳಗೆ ನನ್ನ ಸಹಿ ಬೇಕಿತ್ತು. ಹಾಕಿದೆ.

ಮಾರ್ಥಮ್ಮ ಮತ್ತೆ ಗೊನೆ ಹೊರಲಿಲ್ಲ. ಹೆದ್ದಾರಿಯ ಬದಿಗೆ ಬುಟ್ಟಿ ಇಟ್ಟುಕೊಂಡು ಕೆಂಬಾಳೆ ಮಾರತೊಡಗಿದಳು. ಪ್ರತಿ ಗುರುವಾರ ಬಸ್ಸಿನಿಂದ ಇಳಿಯುವಾಗ ಆಕೆ ಗೋಣಿಚೀಲದ ಮೇಲೆ ಕಾಲು ಮಡಚಿ ಕೂತಿದ್ದು ಕಾಣುತ್ತಿತ್ತು. ನಾನು ಕಣ್ಣು ತಪ್ಪಿಸಿಕೊಂಡು ಹೋಗುತ್ತಿದ್ದೆ. ಆಕೆ ಕೂಗಿ ಕರೆದು ಕೈಗೆ ಹಣ್ಣು ಕೊಡುತ್ತಿದ್ದಳು.

ಅಲ್ಲಿಂದ ಮುಂದೆ ನಾನು ನನ್ನ ಕೆಲಸದ ರೀತಿ ಬದಲಿಸಿದೆ, ಯಾರನ್ನೂ ಕೇಳದೆ. ಯಾವ ಹೆಂಗಸು ಭಾರ ಅಂದರೂ ಮೊದಲು ಎಲ್ಲಿ ಅಂತ ಕೇಳುವುದು, ಎಷ್ಟು ದಿನದಿಂದ ಅಂತ ಕೇಳುವುದು, ಬಸ್ಸು ತಪ್ಪಿದರೆ ತಪ್ಪಲಿ ಎಂದು ಕೂತಿರುವುದು. ಕರ್ತ ಶಿಲುಬೆ ಹೊತ್ತು ಹೋಗುವಾಗ ಸಿಪಾಯಿಗಳು ಹೊಲದಿಂದ ಬರುತ್ತಿದ್ದ ಒಬ್ಬ ದಾರಿಹೋಕನನ್ನು ಹಿಡಿದು ಹೊರಿಸಿದರಲ್ಲ, ಆ ಕಥೆಯನ್ನು ನಾನು ನೂರು ಸಲ ಫ್ಲಾನೆಲ್ ಮೇಲೆ ಅಂಟಿಸಿದ್ದೆ. ನಮ್ಮ ಕೆಲಸ ಆ ದಾರಿಹೋಕನದು: ಹೆಗಲು ಕೊಡುವುದು. ನಾವು ಸಿಪಾಯಿಗಳ ಕೆಲಸ ಮಾಡುತ್ತಾ ಬಂದಿದ್ದೆವು. ಶಿಲುಬೆಯನ್ನು ಆತ ತಾನಾಗಿ, ಇನ್ನೊಬ್ಬರಿಗೋಸ್ಕರ ಎತ್ತಿಕೊಂಡ. ಗರ್ಭಚೀಲ ಜಾರಿದ ಹೆಣ್ಣು ಯಾರಿಗೋಸ್ಕರ ಏನನ್ನು ಎತ್ತಿಕೊಂಡಳು? ಇಷ್ಟು ಸಣ್ಣ ಲೆಕ್ಕ ತರಬೇತಿಯಲ್ಲಿ ಯಾರೂ ಹೇಳಿಕೊಡಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡು ಸಾವಿರದ ಇಸವಿ ದಾಟಿತು. ಫ್ಲಾನೆಲ್ ಹೋಗಿ ಕ್ಯಾಸೆಟ್ ಬಂದಿತ್ತು, ಕ್ಯಾಸೆಟ್ ಹೋಗಿ ಶಾಮಿಯಾನ, ಮೈಕು, ಕೀಬೋರ್ಡು ಬಂದವು. ಎಲ್ಲಿಂದಲೋ ಬಂದ ಸೂಟಿನ ಬೋಧಕನೊಬ್ಬ ಗುಲ್ಬರ್ಗಾದ ಒಂದು ಬಯಲಿನಲ್ಲಿ ಮಧ್ಯಾಹ್ನದ ಆಶೀರ್ವಾದ ಸಭೆ ಇಟ್ಟಿದ್ದ. "ನಿಮ್ಮ ರೋಗ ಶಿಲುಬೆಯ ಮೇಲೆ ಮುಗಿದಿದೆ! ನಿಮ್ಮ ಬಡತನ ಮುಗಿದಿದೆ! ಇನ್ನೂ ನರಳುತ್ತಿದ್ದೀರಾ? ಹಾಗಾದರೆ ನಿಮ್ಮ ನಂಬಿಕೆಯಲ್ಲಿ ಕೊರತೆ ಇದೆ!" ಎಂದು ಕೂಗುತ್ತಿದ್ದ. ನಾವು ಹೊರದಿದ್ದರೆ ನಂಬಿಕೆ ಇಲ್ಲ ಅನ್ನುತ್ತಿದ್ದೆವು, ಇವನು ಹೊತ್ತರೆ ನಂಬಿಕೆ ಇಲ್ಲ ಅನ್ನುತ್ತಿದ್ದ. ಹೇಗೆ ತಿರುಗಿಸಿದರೂ ತಪ್ಪು ಹೆಂಗಸಿನ ತಲೆಗೇ ಬರುತ್ತಿತ್ತು. ನಿವೃತ್ತಿಗೆ ನನಗೆ ಕೆಲವೇ ತಿಂಗಳು ಉಳಿದಿದ್ದವು. ಕಮಲಾಪುರದ ಹೆಂಗಸರು ಬರುತ್ತಾರೆಂದು ನಾನೂ ಹೋಗಿ ಕೂತಿದ್ದೆ.

ಶಿಲುಬೆಯಿಂದ ಆಶೀರ್ವಾದ ಪಡೆದವರು ಬಂದು ಸಾಕ್ಷಿ ಹೇಳಿ ಎಂದು ಆತ ಕರೆದ. ಒಬ್ಬ ಸ್ಕೂಟರ್ ಬಂತೆಂದ, ಒಬ್ಬಾಕೆ ಮಗನಿಗೆ ನೌಕರಿ ಸಿಕ್ಕಿತೆಂದಳು. ನೋಡನೋಡುತ್ತಿದ್ದಂತೆ ನನ್ನ ಪಕ್ಕದಲ್ಲಿದ್ದ ಮಾರ್ಥಮ್ಮ ಎದ್ದು ಹೋದಳು. ಮೈಕು ಹಿಡಿದು, ಅಂಜದೆ ಹೇಳಿದಳು: "ಎಂಟು ವರ್ಷ ನಾ ಶಿಲಬಿ ಹೊತ್ತೀನ್ರಿ. ಏನದು ಅಂತ ಇಲ್ಲಿ ಹೇಳಂಗಿಲ್ಲ, ಹೆಂಗಸರಿಗಿ ತಿಳೀತದ. ನಮ್ಮ ಬಾಯಾರು ಹೊರು ಅಂದ್ರು, ಯಾರ ಮುಂದೂ ಆಡದೇ ಹೊತ್ತೆ. ಆಮ್ಯಾಗ ಕರ್ತ ಇಳಿಸಿದ. ಅದೇ ನನ್ನ ಆಶೀರ್ವಾದ." ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಆಕೆ ಅಲ್ಲಿಂದಲೇ ನನ್ನ ಕಡೆ ಕೈ ಮಾಡಿ ತೋರಿಸಿದಳು. ಜನ ನನಗೂ ಚಪ್ಪಾಳೆ ಹೊಡೆದರು.

ಸಭೆ ಮುಗಿದ ಮೇಲೆ ಸ್ಟೇಶನ್ ಬಜಾರಿನಲ್ಲಿ ಚಹಾ ಕುಡಿಯಲು ನಿಂತಿದ್ದೆವು. ಕಂಕುಳಲ್ಲಿ ಕೂಸಿದ್ದ ಒಬ್ಬ ಹುಡುಗಿ ನಮ್ಮ ಹಿಂದೆಯೇ ಬಂದಿದ್ದಳು. "ಬಾಯಾರ, ಆ ಅಕ್ಕನ ಸಾಕ್ಷಿ ಕೇಳಿದೆ. ನನಗೂ ಹಂಗೇ ಭಾರ ಅದರಿ. ದವಾಖಾನಿಗಿ ಹೋಗಬೇಕಂತಿದ್ದೆ. ಇನ್ನ ಬ್ಯಾಡ. ನಾನೂ ಹೊರ್ತೀನಿ" ಅಂದಳು. ನಾನು ಚಹಾದ ಲೋಟ ಕೆಳಗಿಟ್ಟೆ.

"ಎಲ್ಲಿ ಭಾರ?" ಅಂದೆ.

ಆಕೆ ಅತ್ತಿತ್ತ ನೋಡಿ ಕೂಸನ್ನು ಸರಿಸಿ ಕಿಬ್ಬೊಟ್ಟೆ ಮುಟ್ಟಿ ತೋರಿಸಿದಳು. ಮರುದಿನ ಬೆಳಿಗ್ಗೆ ಜಗತ್‌ನ ಅದೇ ದವಾಖಾನೆಗೆ ಕರೆದೊಯ್ದೆ. ಈಗಷ್ಟೇ ಜಾರುತ್ತಿತ್ತು, ರಿಂಗಿನಲ್ಲೇ ಆಗುತ್ತದೆ ಅಂದರು. ಡಾಕ್ಟರ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದರು. "ಈ ಸಲ ಕೇಳಿದ್ರೇನು?" ಎಂದರು, ಅಷ್ಟೆ.

ಇನ್ನು ಸುಮ್ಮನಿರುವುದು ಪಾಪ ಎಂದು ಗಟ್ಟಿ ಮಾಡಿಕೊಂಡೆ. ನನ್ನ ಸುಳ್ಳು ಮಾರ್ಥಮ್ಮನ ಬಾಯಿಂದ ಮೈಕಿನಲ್ಲಿ ಹೋಗಿ ಇನ್ನೆಷ್ಟು ಹೆಣ್ಣುಮಕ್ಕಳ ಮೈಗೆ ಹತ್ತುತ್ತದೋ. ಗುರುವಾರ ಕಮಲಾಪುರಕ್ಕೆ ಹೋದವಳು ನೇರ ಆಕೆಯ ಮನೆಗೆ ಹೋದೆ. ಆಕೆ ಮಾರಲು ಒಯ್ಯುವ ಹಣ್ಣನ್ನು ಆರಿಸಿ ಬುಟ್ಟಿಗೆ ಇಡುತ್ತಿದ್ದಳು. ನೀರು ಕೊಟ್ಟು ಎದುರಿಗೆ ಕೂತಳು. ನಾನು ಒಂದೇ ಉಸಿರಿನಲ್ಲಿ ಹೇಳಿದೆ.

"ಮಾರ್ಥಾ, ಆವತ್ತು ಹಂಡ್ಯಾದ ಬಲ್ಲಿ ನೀ ಹೇಳಿದ್ದು ನನಗ ತಿಳೀಲಿಲ್ಲ. ನೀ ಮೈದು ಹೇಳಿದಿ, ನಾ ಮನಸಿಂದು ತಿಳಕೊಂಡೆ. ಅದು ಶಿಲುಬಿ ಅಲ್ಲ. ಬರೇ ಜಡ್ಡು. ಆವತ್ತೇ ದವಾಖಾನಿಗಿ ಕರಕೊಂಡು ಹೋಗಬೇಕಿತ್ತು. ನಂದು ತಪ್ಪಾತು."

ಆಕೆಯ ಕೈ ನಿಂತಿತು. ಅಳುತ್ತಾಳೆ, ಇಲ್ಲ ಬೈಯುತ್ತಾಳೆ, ಇಲ್ಲ ಹೋಗ್ಲಿ ಬಿಡ್ರಿ ಅನ್ನುತ್ತಾಳೆ ಎಂದುಕೊಂಡೆ. ಮೂರಕ್ಕೂ ತಯಾರಾಗಿ ಹೋಗಿದ್ದೆ. ಆಕೆಯ ಮುಖ ಬಿಗಿಯಿತು. ಅಷ್ಟು ವರ್ಷದಲ್ಲಿ ಆಕೆಗೆ ಸಿಟ್ಟು ಬಂದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಗಂಡ ಹಾಸಿಗಿಯಿಂದ ಒದ್ದು ಹೊರಗ ಹಾಕಿದಾಗ ಶಿಲಬಿ ಅಂದಕೊಂಡೆ" ಅಂದಳು. "ತ್ವಾಟದಾಗ ವಾಸನಿ ಬರ್ತದಂತ ಬಾಜೂಕ ಯಾರೂ ಉಣ್ಣಾಕ ಕುಂದರಲಿಲ್ಲ, ಶಿಲಬಿ ಅಂದಕೊಂಡೆ. ಗೊನಿ ಎತ್ತೋವಾಗ ಒಂದು ಕೈಲೆ ಕೆಳಗ ಹಿಡಕೊಂಡು ಎತ್ತತಿದ್ದೆ. ಆವಾಗ ಕರ್ತ ನನ್ನ ಜೋಡಿ ಅದಾನ ಅನಸ್ತಿತ್ತು. ಖರೇನ ಅನಸ್ತಿತ್ರಿ. ಈಗ ಬಂದು ಅಲ್ಲಂತೀರಿ."

"ಮಾರ್ಥಾ..."

"ಅದು ಶಿಲಬಿ ಅಲ್ಲಂದ್ರ, ಎಂಟು ವರ್ಷ ನಾ ಹೊತ್ತಿದ್ದು ಏನ್ರೀ ಬಾಯಾರ?"

ಆಕೆಯ ಬೆನ್ನ ಹಿಂದಿನ ಗೋಡೆಯ ಮೇಲೆ ಮೊಳೆಗೆ ಸಿಕ್ಕಿಸಿದ ಶಿಲುಬೆ ಇತ್ತು. ಯಾವುದೋ ವರ್ಷ ನಾನೇ ತಂದುಕೊಟ್ಟದ್ದು. ಬಸ್ಸಿನ ಹೊತ್ತಾಗಿತ್ತು, ನಾನು ಏಳಲಿಲ್ಲ. ಮಾರ್ಥಮ್ಮ ಕಾಲು ಮಡಚಿ ಕೂತು ಉತ್ತರಕ್ಕೆ ಕಾಯುತ್ತಿದ್ದಳು. ನನ್ನ ಬಲಗೈ ರೂಢಿಯಂತೆ ತೊಡೆಯಿಂದ ಮೇಲೆದ್ದಿತು. ಎಡಗೈಯಿಂದ ಅದನ್ನು ಹಿಡಿದುಕೊಂಡು ಕೂತೆ.